ಮೋಲ್ಡ್ ಮೇಲಿನ ನೀರು

ಮಳವಳ್ಳಿ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತ ಮೇಲೆಯೇ ಶೋಭಿತಾಗೆ ಗೊತ್ತಾಯಿತು, ತನ್ನ ಆಚೆಗೊಬ್ಬರು ಈಚೆಗೊಬ್ಬರು ಕೂತ ಅಪರಿಚಿತ ಹೆಂಗಸರು ಒಂದೇ ಬೀದಿಯವರು, ಬೇಕೆಂದೇ ನಡುವೆ ಜಾಗ ಬಿಟ್ಟವರು ಎಂದು. ಎದ್ದುಹೋಗುವಷ್ಟರಲ್ಲಿ ಜಗಳ ಶುರುವಾಗಿತ್ತು.

"ಸಾಕಕ್ಕ, ನಮ್ ಹೊಸಮನೆ ತಾರ್ಸಿ ಮೋಲ್ಡ್ ಮೇಲೆ ಕಟ್ಟೆ ಕಟ್ಟಿ ನಿಲ್ಸಿದ್ ನೀರ, ಏಣಿ ಅತ್ತಿ ತುಂಬ್ಕೊಂಡೋಳು ನೀನೇ ಅಲ್ವಾ?" ಎಂದಳು ಚಿಕ್ಕವಳು.

"ಊಂ ಕಣಮ್ಮಿ, ನಾನೇ. ನಲ್ಲೀಲಿ ನೀರು ಬಂದು ವಾರಾಯ್ತು. ಎಮ್ಮೆ ಬಾಯ್ ಬುಡ್ತಿತ್ತು."

"ಹಸಿ ಮೋಲ್ಡು ಒಣಗಿ ಬಿರುಕು ಬುಟ್ರೆ? ಟ್ಯಾಂಕರ್ ತರ್ಸಿ ನಿಲ್ಸಿದ್ ನೀರು ಕಣಕ್ಕ ಅದು."

"ನೋಡಿವ್ನಿ. ಟ್ಯಾಂಕರ್ ಬಂದು ನಿನ್ ಮನೆಗೆ ನೀರು ಕುಡುಸ್ತಿದ್ರೆ ನಾವೆಲ್ಲ ಬಿಂದ್ಗೆ ಇಡ್ಕಂಡು ನಿಂತಿದ್ವಿ."

"ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೇಳ್ದೆ. ಮೋಲ್ಡ್‌ಗೇ ಸಾಲಲ್ಲ ಓಗು ಅಂದ ನಿನ್ ಗಂಡ."

ಶೋಭಿತಾ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಮಳೆ ಬಂದಾಗ ನಿನ್ ಮೋಲ್ಡ್ ನೀರು ಎಲ್ಲಿಗೋಯ್ತದೆ?" ಸಾಕಕ್ಕನೇ ಮತ್ತೆ ಕೇಳಿದಳು.

"ಚರಂಡಿಗೆ. ಮೇಸ್ತ್ರಿ ಇವತ್ತು ಪೈಪ್ ಕೂರುಸ್ತಾವ್ನೆ."

"ಪಕ್ದಲ್ಲೇ ಬೀದಿ ಬಾವಿ ಬತ್ತೋಗಿ ಬಿದ್ದದೆ. ಇವಳು ಚರಂಡಿಗೆ ಬುಡ್ತಾಳಂತೆ!"

ಪೂರಿಗಾಲಿ ಬಸ್ಸು ಬಂತು. ಸಾಕಕ್ಕ ತಿರುಗಿಯೂ ನೋಡದೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಚಿಕ್ಕವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಫೋನು ಕಿವಿಗೆ ಹಿಡಿದಳು.

"ಮೇಸ್ತ್ರಿ, ಆ ಪೈಪ್ ಕೂರುಸ್ಬ್ಯಾಡಿ. ಬಾವಿಗಂಟ ಎಷ್ಟುದ್ದ ಬೇಕು, ಅಳ್ದು ಮಡಗಿ. ಬತ್ತಾ ಇವ್ನಿ. ನಮ್ಮೆಜಮಾನ್ರು ಕೂಗಾಡಿದ್ರೂ ಸರಿಯೇ."