ಆದರ್ಶ ಅಕ್ಕನ ಸಹಿ

ಸಭೆಯ ಅಧ್ಯಕ್ಷರಾದ ಶಶಿಧರ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಹೊಸ ಅಂಗಿ ತೊಟ್ಟು ಕುಳಿತಿರುವ ನನ್ನ ತಮ್ಮ ಜಿನಪಾಲ ಮತ್ತು ಅವನ ಐವರು ಗೆಳೆಯರೇ, ಖಾನಾಪುರದ ಸಭಿಕರೇ,

ಬುದ್ಧಿಯ ಬೆಳವಣಿಗೆ ನಿಧಾನವಾದ ತಮ್ಮನನ್ನು ನಲವತ್ತು ವರ್ಷ ನೋಡಿಕೊಂಡಳೆಂದು ಈ ಅಕ್ಕಾತಾಯಿಗೆ ‘ಆದರ್ಶ ಅಕ್ಕ’ ಎಂದು ಶಾಲು ಹೊದಿಸಿದ್ದೀರಿ. ಶಾಲು ಚೆನ್ನಾಗಿದೆ. ಸೆಕೆ ಮಾತ್ರ ತಡೆಯಲಾಗುತ್ತಿಲ್ಲ.

ಮೂರು ತಿಂಗಳ ಹಿಂದೆ ಅವನನ್ನು ಬೆಳಗಾವಿಯಿಂದ ಕರೆತಂದು, ಇಂಥವರಿಗಾಗಿ ಈ ಸಂಸ್ಥೆ ನಡೆಸುವ ಮನೆಯಲ್ಲಿ ಬಿಟ್ಟೆ. ಹೊಂದಿಕೊಂಡರೆ ಇಲ್ಲಿಯೇ ಕಾಯಂ ಇರಲಿ ಎಂದು ನಾನು ಸಹಿ ಹಾಕಬೇಕು. ಅದಕ್ಕೆ ಇಂದೇ ಕೊನೆಯ ದಿನ. ಖರೇ ಹೇಳುತ್ತೇನೆ, ನಾನು ಅವನನ್ನು ವಾಪಸು ಕರೆದೊಯ್ಯಲೆಂದೇ ಬಂದವಳು. ನಾನಿಲ್ಲದೆ ಅವನು ಹೇಗಿದ್ದಾನು? ಅವನ ಅಂಗಿಯ ಗುಂಡಿ ಹಾಕುವವರು ಯಾರು?

ಈಗ ಮಾತಾಡಿದ ಅತಿಥಿಗಳು, ತಮ್ಮನಿಗಾಗಿ ಮದುವೆಯನ್ನೇ ತ್ಯಾಗ ಮಾಡಿದಳು ಎಂದರು. ಯಾವ ತ್ಯಾಗ, ಸಭಿಕರೇ? ನನ್ನನ್ನು ನೋಡಲು ಬಂದಿದ್ದ ನಂದಗಡದ ವರ, “ಜಿನಪಾಲನೂ ನಮ್ಮ ಮನ್ಯಾಗ ಇರ್ಲಿ, ಏನೂ ತ್ರಾಸ ಇಲ್ಲ” ಎಂದಿದ್ದರು. ಆದರೂ ನಾನು, “ತಮ್ಮನ್ನ ಬಿಟ್ಟು ಬರಾಕ ಆಗೂದಿಲ್ರಿ” ಎಂದೆ. ಹೊಸ ಮನೆಗೆ ಹೋಗಲು ಹೆದರಿದವಳು ನಾನು, ಮುಂದೆ ಮಾಡಿದ್ದು ತಮ್ಮನ ಹೆಸರನ್ನು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೈಗೆ ಮೈಕು ಸಿಕ್ಕಿತು, ಬಾಯಿ ಬಿಟ್ಟುಬಿಟ್ಟೆ.

ಇಂದು ಬೆಳಗ್ಗೆ ಅವನ ಕೋಣೆಗೆ ಹೋದೆ. ಹೆಚ್ಚುಕಡಿಮೆ ಎಲ್ಲ ಗುಂಡಿಗಳನ್ನೂ ತಾನೇ ಹಾಕಿಕೊಂಡಿದ್ದ. “ನಡಿ ತಮ್ಮಾ, ಮನಿಗೆ ಹೋಗೂಣು” ಎಂದೆ.

“ನೀ ಹೋಗಿ ಬಾ ಅಕ್ಕಾ. ನಾಳಿ ನನಗ ಮಣ್ಣು ಕಲಸೂದೈತಿ” ಎಂದ. ಇಲ್ಲಿನ ಮಡಕೆ ಮಾಡುವ ಶೆಡ್ಡಿನಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ನನಗೆ ಅಳು ಬಂತು. ಅವನು ಅಳಲಿಲ್ಲ.

ಆ ಮನೆ ನಡೆಸುವ ಶಗುಫ್ತಾ ಇಲ್ಲೇ ಇದ್ದಾಳೆ. ಕಾಗದ ತಗೊಂಡು ಬಾರವ್ವಾ, ಸಹಿ ಹಾಕುತ್ತೇನೆ.

ಅಧ್ಯಕ್ಷರೇ, ಒಂದೇ ಒಂದು ಮಾತು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಜಿನಪಾಲನಿಗಾಗಿ ಆ ಮನೆಯವರೆಲ್ಲ ಅದೇ ಹೊತ್ತಿಗೆ ಉಣ್ಣುತ್ತಾರಂತೆ. ಮೂರು ತಿಂಗಳಿಂದ ನಾನು ಗೋಡೆ ನೋಡುತ್ತಾ ಉಣ್ಣುತ್ತಿದ್ದೇನೆ. ನಿಮ್ಮ ಸೇವೆ ಜಿನಪಾಲನಂಥವರಿಗೆ ಮಾತ್ರ ಎಂದು ನನಗೆ ಗೊತ್ತು. ಆದರೂ ಭಾನುವಾರ ಒಂದು ಹೊತ್ತು ಆ ಪಂಕ್ತಿಯಲ್ಲಿ ನನಗೂ ಜಾಗ ಕೊಡುತ್ತೀರಾ? ಅವನನ್ನು ನೋಡಿಕೊಳ್ಳಲು ಅಲ್ಲ. ನನಗೇ ಬೇಕಾಗಿದೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ದೊಡ್ಡ ಉಪಕಾರವಾಯಿತು. ನಮಸ್ಕಾರ.