ಕರಡಿಗೆಗೆ ತಾಗುತ್ತಿದ್ದ ಮೈಕು

ನಾಸಿಕದ ನನ್ನ ಕನ್ನಡ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ಮಡದಿಯನ್ನು ಕಳೆದುಕೊಂಡ ನರಸಿಂಹಮೂರ್ತಿಯವರೇ, ತಾಯಿಯನ್ನು ಕಳೆದುಕೊಂಡ ಹಂಸಾ — ಎಲ್ಲರಿಗೂ ಶರಣು. ನಾನು ಶಿವಲಿಂಗ, ಬೀದರ್ ಕಡೆಯವನು. ನಮ್ಮನ್ನು ಅಗಲಿದ ಸುಭದ್ರಾ ಮೇಡಂ ಕಲಿಸುತ್ತಿದ್ದ ಕಿವುಡ ಮಕ್ಕಳ ಶಾಲೆಯಲ್ಲೇ ಹದಿನೆಂಟು ವರ್ಷದಿಂದ ಮಾಸ್ತರ.

ಮಂಗಳವಾರ ಶಾಲೆಯಲ್ಲಿಯೂ ಸಭೆ ಆಯಿತು. ಅಲ್ಲಿ ಮರಾಠಿಯಲ್ಲಿ ಮಾತಾಡಿದೆ. ತ್ಯಾಗಮಯಿ ಎಂದೆ, ಮಾತೃಹೃದಯಿ ಎಂದೆ, ತುಂಬಲಾರದ ನಷ್ಟ ಎಂದೆ. ಎಲ್ಲ ನಿಜವೇ. ಆದರೆ ಒಂದು ಮಾತು ಬಿಟ್ಟಿದ್ದೆ. ಇಲ್ಲಿ ನಮ್ಮ ಭಾಷೆ, ನಮ್ಮ ಮಂದಿ — ಹೇಳಿಬಿಡುತ್ತೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಸಣ್ಣದಲ್ಲ — ಉಂಡ ಅನ್ನ ಮೈಗೆ ಹತ್ತದಷ್ಟು ಹೊಟ್ಟೆಕಿಚ್ಚು. ಮೂರ್ತಿಯವರೇ, ಕ್ಷಮಿಸಬೇಕು.

ಮೊದಲು ಆ ರೇಡಿಯೊ ಸೆಟ್ಟಿನ ವಿಷಯ ಹೇಳುತ್ತೇನೆ. ಮಗುವಿನ ಕಿವಿಗೆ ಮೆಷೀನು ಇದ್ದರೂ ತರಗತಿಯ ಗದ್ದಲದಲ್ಲಿ ಮಾಸ್ತರನ ದನಿ ಮುಳುಗಿಹೋಗುತ್ತದೆ. ಅದಕ್ಕೇ ಈ ಸೆಟ್ಟು. ಮಾಸ್ತರನ ಕೊರಳಲ್ಲಿ ಸಣ್ಣ ಮೈಕು, ಮಗುವಿನ ಮೆಷೀನಿಗೆ ಒಂದು ರಿಸೀವರು. ಬೋರ್ಡಿನ ಹತ್ತಿರ ನಿಂತು ಮಾತಾಡಿದರೂ ದನಿ ನೇರ ಕಿವಿಗೆ. ಅಂಥ ಹನ್ನೊಂದು ಸೆಟ್ಟು ಶಾಲೆಗೆ ಬಂದಾಗ ಜವಾಬ್ದಾರಿ ನನಗೇ ಬಂತು. ಡಿಗ್ರಿ ಇದ್ದದ್ದು ನನಗೆ ತಾನೆ! ನಾನೇನು ಮಾಡಿದೆ? — ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಇನ್‌ಸ್ಪೆಕ್ಷನ್ ಬಂದಾಗ ತೆಗೆಯುವುದು, ಸಾಹೇಬರು ಹೋದ ಮೇಲೆ ಒರೆಸಿ ಇಡುವುದು. ನಗಬೇಡಿರಿ, ನಿಮ್ಮ ನಿಮ್ಮ ಶೋಕೇಸಿನ ಕಪ್ಪು-ಬಸಿ ನೆನಪು ಮಾಡಿಕೊಳ್ಳಿರಿ.

ಆಮೇಲೆ ಮೇಡಂ ಕೆಲಸಕ್ಕೆ ಬಂದರು. ಬಂದ ವಾರವೇ, “ಬೀಗದ ಕೈ ಕೊಡಿ ಸಾರ್” ಎಂದರು. ಸೆಟ್ಟುಗಳು ಹೊರಗೆ ಬಂದವು, ನನ್ನ ಕೊರಳಿಗೂ ಒಂದು ಮೈಕು ಬಿತ್ತು. ದಿನಾ ಬೆಳಿಗ್ಗೆ ಒಂದೊಂದು ಮಗುವಿನ ಮುಂದೆ ನಿಂತು, ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು — ಹೀಗೆ — ಒಂದು ಮಾತು ಹೇಳುವುದು. ತುಟಿ ನೋಡದೆ ಮಗು ಅದನ್ನು ತಿರುಗಿ ಹೇಳಬೇಕು. ಹೇಳದಿದ್ದರೆ ಸೆಲ್ಲು ನೋಡುವುದು, ವಯರು ನೋಡುವುದು. ಒಂದು ಮಗು ಉತ್ತರ ಹೇಳುವಾಗ ಮೈಕನ್ನು ಅದರ ಬಾಯಿಯ ಹತ್ತಿರ ಒಯ್ಯುವುದು, ಉಳಿದ ಮಕ್ಕಳಿಗೂ ಕೇಳಲಿ ಎಂದು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೇಳಿದೆ, “ದಿನಾ ಮುಂಜಾನೆ ಇದೇನ್ ಪೂಜಾ ನಡಸೀರಿ ಮೇಡಂ?”

ಅವರು ನಗುತ್ತಲೇ ಹೇಳಿದರು: “ನಮ್ಮನೆಯವರು ಓಝರ್ ಫ್ಯಾಕ್ಟರೀಲಿ ವಿಮಾನ ನೋಡ್ಕೋತಾರಲ್ವಾ ಸಾರ್, ನಿನ್ನೆ ಹಾರಿತ್ತು ಅಂತ ಇವತ್ತು ಚೆಕ್ ಮಾಡದೆ ಬಿಡ್ತಾರಾ?” ಇಡೀ ರೂಮು ನಕ್ಕಿತು — ನನ್ನ ಕಡೆ ನೋಡಿ.

ಪ್ರಜ್ಞಾ ಎಂಬ ಹುಡುಗಿ ಇದ್ದಳು. ನಿಫಾಡಿನ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವರ ಮಗಳು, ಆಗ ಐದನೆಯ ತರಗತಿ. ಮೇಡಂ ಪಾಠಕ್ಕೆ ಮುಖ ಅರಳಿಸಿಕೊಂಡು ಕೂರುವಳು. ನಾನು ಒಳಗೆ ಕಾಲಿಟ್ಟು ಪಾಠ ಶುರು ಮಾಡಿದರೆ — ಕೈ ಕಿವಿಗೆ ಹೋಗುತ್ತಿತ್ತು, ಸ್ವಿಚ್ ಆಫ್! ನನ್ನ ಎದುರಿಗೇ! ನನಗೆ ಮೈಯೆಲ್ಲ ಉರಿ. ಪೇಪರ್‌ಮಿಂಟು ಕೊಟ್ಟು ಮಕ್ಕಳನ್ನು ಒಲಿಸಿಕೊಳ್ಳುತ್ತಾರೆ ಎಂದು ಹೆಡ್‌ಮಿಸ್ಟ್ರೆಸ್ ಹತ್ತಿರ ಮೇಡಂ ಮೇಲೆ ಚಾಡಿ ಹೇಳಿದೆ. ಹೌದು, ಹೇಳಿದೆ.

ಒಂದು ದಿನ ಮೇಡಂ ಒಂದು ರಿಸೀವರನ್ನು ತಮ್ಮ ಕಿವಿಗೇ ಸಿಕ್ಕಿಸಿಕೊಂಡು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತರು. ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಹೋಗುವವರೆಗೂ ಕಾದರು. ಆಮೇಲೆ, “ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಮೈಕು ಕರಡಿಗೆಗೆ ತಾಗ್ತಿದೆ. ಬೋರ್ಡಿಗೆ ಕೈ ಎತ್ತಿದಾಗೆಲ್ಲ ಟಕ್ ಟಕ್ ಅನ್ನತ್ತೆ. ಮಗು ಕಿವೀಲಿ ಸುತ್ತಿಗೆ ಹೊಡೆದ ಹಾಗೆ ಕೇಳತ್ತೆ.”

ನನ್ನ ಎದೆಯ ಮೇಲೆ ಇಷ್ಟಲಿಂಗದ ಈ ಬೆಳ್ಳಿ ಕರಡಿಗೆ, ನಮ್ಮ ಅಜ್ಜನದು. ಮೈಕು ಸರಿಯಾಗಿ ಅದರ ಮೇಲೆಯೇ ತೂಗುತ್ತಿತ್ತು.

“ಕರಡಿಗೆ ತೆಗೀರಿ ಅಂತಿಲ್ಲ ನಾನು. ಮೈಕನ್ನ ಕಾಲರಿಗೆ ಸಿಕ್ಕಿಸಿ, ಅಷ್ಟೇ” ಎಂದರು.

ಅಷ್ಟೇ! ಒಂದು ಕ್ಲಿಪ್ಪು. ನಾನು ಏನೆಂದೆ ಗೊತ್ತೇನ್ರಿ? — “ನಮ್ಮ ಲಿಂಗದ ಸುದ್ದಿಗೆ ಬರಬ್ಯಾಡ್ರಿ ಮೇಡಂ.” ಧರ್ಮವನ್ನು ಅಡ್ಡ ಹಿಡಿದೆ. ಧರ್ಮಕ್ಕೆ ಏನೂ ಆಗಿರಲಿಲ್ಲ, ಉರಿದದ್ದು ನನ್ನ ಹೊಟ್ಟೆ. ಮೈಕನ್ನು ಮೇಲಕ್ಕೇರಿಸಲಿಲ್ಲ. ಒಂದು ದಿನವಲ್ಲ — ಎಂಟು ತಿಂಗಳು. ಮಗುವಿನ ಕಿವಿಯಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದೂ ಎಂಟು ತಿಂಗಳು.

ಆ ವರ್ಷದ ಕೊನೆಗೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ನಮಗೆಲ್ಲ ತರಬೇತಿ. ನಲವತ್ತು ಶಾಲೆಗಳ ಶಿಕ್ಷಕರು. ವೇದಿಕೆಗೆ ಕರೆದರು, ಹೋದೆ. “ಮಂಗಳಸೂತ್ರ, ಐಡಿ ಕಾರ್ಡು, ಕರಡಿಗೆ — ಯಾವುದೂ ಮೈಕಿಗೆ ತಾಗಬಾರದು. ಇದು ನಾನು ಅನುಭವದಿಂದ ಕಂಡುಕೊಂಡದ್ದು” ಎಂದೆ. ಚಪ್ಪಾಳೆಯೋ ಚಪ್ಪಾಳೆ! ಎರಡನೆಯ ಸಾಲಿನಲ್ಲಿ ಮೇಡಂ ಕೂತಿದ್ದರು. ಅವರೂ ತಟ್ಟಿದರು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಅದು ನಾನೇ.

ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿ ಬಿಚ್ಚಿ ಅರ್ಧ ಚಿತ್ರಾನ್ನ ನನಗೆ ಕೊಟ್ಟರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ.

“ಚೆನ್ನಾಗಿ ಹೇಳಿದ್ರಿ ಸಾರ್. ನಲವತ್ತು ಸ್ಕೂಲಿನ ಮಕ್ಕಳಿಗೆ ಉಪಯೋಗ ಆಯ್ತು.” ಡಬ್ಬಿ ಮುಚ್ಚುತ್ತಾ — “ಸೋಮವಾರದಿಂದ ಪ್ರಜ್ಞಾಗೂ ಆಗತ್ತೆ, ಅಲ್ವಾ?”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ. ತಲೆಯಾಡಿಸಿ ಅವರ ಚಿತ್ರಾನ್ನವನ್ನೇ ಉಂಡು ಮುಗಿಸಿದೆ.

ಸೋಮವಾರ ಮೈಕನ್ನು ಕಾಲರಿಗೆ ಸಿಕ್ಕಿಸಿದೆ. ಪಾಠ ಶುರುವಾಯಿತು. ರೂಢಿಯಂತೆ ಪ್ರಜ್ಞಾಳ ಕೈ ಕಿವಿಗೆ ಹೊರಟಿತು — ನಡುವೆ ನಿಂತಿತು. ಪಾಠ ಮುಗಿದದ್ದೇ ಓಡಿ ಬಂದಳು. “ಸರ್, ಆಜ್ ತುಮಚಾ ಆವಾಜ್ ಆಲಾ!” — ಇವತ್ತು ನಿಮ್ಮ ದನಿ ಬಂತು ಸರ್, ಎಂದು. ನೀವೇ ಸರಿ ಮಾಡಿದಿರಾ ಎಂದು ಕೇಳಿದಳು. ನಾನು — ಹೌದು ಎಂದೆ.

ಹೌದು ಎಂದುಬಿಟ್ಟೆನಲ್ಲ! ಅಂದಿನಿಂದ ಪ್ರತಿ ಗುರುಪೂರ್ಣಿಮೆಗೆ ಅವಳ ಮೊದಲ ಮೆಸೇಜು ನನಗೆ, ಆಮೇಲೆ ಮೇಡಂಗೆ. ಮೇಡಂಗೆ ಎಲ್ಲ ಗೊತ್ತಿತ್ತು. ಒಮ್ಮೆಯೂ ಬಾಯಿ ಬಿಡಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ — ದೇವರು ಅಷ್ಟು ದೊಡ್ಡ ಮನಸ್ಸನ್ನು ಅವರಿಗೇ ಯಾಕೆ ಕೊಟ್ಟ, ನನಗೆ ಯಾಕೆ ಕೊಡಲಿಲ್ಲ?

ಪ್ರಜ್ಞಾ ಈಗ ಕಾಲೇಜಿನಲ್ಲಿ ಓದುತ್ತಾಳೆ. ಇಲ್ಲಿಗೆ ಬಂದಿದ್ದಾಳೆ, ಮೂರನೆಯ ಸಾಲಿನ ಆ ತುದಿಯಲ್ಲಿ. ಅವಳಿಗೆ ಕನ್ನಡ ಬಾರದು. ನಾನು ಇಷ್ಟು ಧೈರ್ಯವಾಗಿ ಇದನ್ನೆಲ್ಲ ಹೇಳಿದ್ದೂ ಅದಕ್ಕೇ ಎಂದು ಕಾಣುತ್ತದೆ. ಆದರೆ ಅವಳು ರಿಸೀವರ್ ಹಾಕಿಕೊಂಡಿದ್ದಾಳೆ, ಅದರ ಮೈಕು ಇಲ್ಲಿ ನನ್ನ ಕಾಲರಿನಲ್ಲಿದೆ.

ಬಂಧುಗಳೇ, ದಯವಿಟ್ಟು ಎಲ್ಲರೂ ಏಳಿರಿ. ಸುಭದ್ರಾ ಮೇಡಂ ಅವರನ್ನು ನೆನೆದು ಎರಡು ನಿಮಿಷ ಮೌನವಾಗಿ ನಿಲ್ಲಿರಿ, ಕೈಮುಗಿದು ಕೇಳುತ್ತೇನೆ. ನನಗೆ ಮಾತ್ರ ಸುಮ್ಮನಿರುವ ಹಕ್ಕಿಲ್ಲ. ಸಭೆಯ ಈ ದೊಡ್ಡ ಮೈಕನ್ನು ಬಂದ್ ಮಾಡಿ, ಮರಾಠಿಯಲ್ಲಿ, ಸಣ್ಣ ದನಿಯಲ್ಲಿ ಅವಳಿಗೆ ಹೇಳುತ್ತೇನೆ — ಅಂದು ಸರಿ ಮಾಡಿದ್ದು ನಾನಲ್ಲವ್ವಾ, ನಿಮ್ಮ ಸುಭದ್ರಾ ಮೇಡಂ, ಎಂದು. ನಿಮಗೆ ಯಾರಿಗೂ ಕೇಳಿಸುವುದಿಲ್ಲ. ಅವಳಿಗೆ ಕೇಳಿಸುತ್ತದೆ.