ಕಾರಿಗಿಂತ ಮೊದಲೇ ಹುಟ್ಟಿದ ಬಾಗಿಲು

ವೇದಿಕೆಯ ಮೇಲೆ ಕುರ್ಚಿಯ ಅಳತೆಯನ್ನೂ ಮೀರಿ ಆಸೀನರಾಗಿರುವ ಹಳೆ ಕಾರುಗಳ ಸಂಘದ ಅಧ್ಯಕ್ಷರೇ, ಟಾರ್ಚು ಹಿಡಿದು ನನ್ನ ಕಾರಿನ ಹೊಟ್ಟೆಯಡಿ ತೆವಳಿ ಹೊಸ ಅಂಗಿಯನ್ನು ಹಳೆಯದು ಮಾಡಿಕೊಂಡ ತೀರ್ಪುಗಾರ ಮಹನೀಯರೇ, ಬಹುಮಾನ ಬಾರದಿದ್ದರೂ ಊಟಕ್ಕೆಂದು ಉಳಿದುಕೊಂಡಿರುವ ಸದಸ್ಯ ಬಂಧುಗಳೇ, ಬಲವಂತಕ್ಕೆ ಬಂದು ಗಡಿಯಾರ ನೋಡುತ್ತಿರುವ ಅವರ ಶ್ರೀಮತಿಯರೇ ಮತ್ತು ಸಭಿಕರೇ,

ಈ ವರ್ಷದ ‘ಅಪ್ಪಟ ಅಸಲಿ ಕಾರು’ ಎಂಬ ಫಲಕಕ್ಕೆ ನನ್ನನ್ನು ಆರಿಸಿದ್ದೀರಿ. ಇದಕ್ಕೆ ನಾನು ಅರ್ಹನೇ? ಖಂಡಿತವಾಗಿಯೂ ಅರ್ಹ. ಇಂಥ ಹೊತ್ತಿನಲ್ಲಿ ‘ನಾನೆಷ್ಟರವನು’ ಎನ್ನುವ ವಾಡಿಕೆಯಿದೆ. ಆರು ವರ್ಷ ಕಾರಿನಡಿ ಅಂಗಾತ ಮಲಗಿದವನು ಹಾಗಂದರೆ ಬೆನ್ನಿಗೆ ಬೇಸರವಾಗುತ್ತದೆ.

ಶ್ರೀಮತಿಯರಿಗಾಗಿ ವಿಷಯವನ್ನು ಬಿಡಿಸಿ ಹೇಳುತ್ತೇನೆ. ಹಳೆ ಕಾರಿನ ಬಿಡಿಭಾಗಗಳ ಮೈಮೇಲೆ ಅವು ತಯಾರಾದ ದಿನದ ಗುರುತು ಇರುತ್ತದೆ. ನೇರವಾಗಿ ಬರೆದರೆ ಯಾರು ಬೇಕಾದರೂ ಓದಿಬಿಡುತ್ತಾರಲ್ಲ, ಅದಕ್ಕೆ ಗುಟ್ಟಾಗಿ ಬರೆದಿರುತ್ತಾರೆ. ಎಂಜಿನ್ನಿನ ಮಗ್ಗುಲಲ್ಲಿ ಒಂದು ಅಕ್ಷರ, ಅದು ತಿಂಗಳು. ಪಕ್ಕದಲ್ಲಿ ತಾರೀಖು. ಕೊನೆಗೆ ವರ್ಷಕ್ಕೆಂದು ಒಂದೇ ಒಂದು ಅಂಕಿ. ನಾಲ್ಕು ಅಂತಿದ್ದರೆ ಅರವತ್ತನಾಲ್ಕೋ, ಎಪ್ಪತ್ತನಾಲ್ಕೋ? ಇನ್ನೊಂದು ಅಂಕಿ ಒತ್ತಲು ಕಾರ್ಖಾನೆಯಲ್ಲಿ ಕಬ್ಬಿಣ ಕಡಿಮೆ ಬಿದ್ದಿತ್ತೇನೋ! ಗಾಜಿನ ಮೂಲೆಯಲ್ಲಿ ಸಣ್ಣ ಚುಕ್ಕಿಗಳಿರುತ್ತವೆ. ಎಣಿಸಿದರೆ ತಿಂಗಳು ಸಿಗುತ್ತದೆ, ಎಣಿಸಿದವನಿಗೆ ಕನ್ನಡಕ ಸಿಗುತ್ತದೆ.

ನಮ್ಮ ಧರ್ಮ ಒಂದೇ. ಬಿಡಿಭಾಗ ಕಾರಿಗಿಂತ ತುಸು ಮೊದಲು ಹುಟ್ಟಿರಬೇಕು. ತೀರಾ ಮೊದಲಾದರೆ ಅನುಮಾನ, ಒಂದು ದಿನ ತಡವಾದರೂ ಅವಮಾನ. ಕಾರು ಕಾರ್ಖಾನೆಯಿಂದ ಹೊರಬಿದ್ದ ಮೇಲೆ ತಯಾರಾದ ಬಾಗಿಲು ಅದಕ್ಕೆ ಬಂದದ್ದು ಹೇಗೆ? ಯಾರೋ ಬದಲಾಯಿಸಿದ್ದಾರೆ. ಅಂದಮೇಲೆ ಅದು ಅಸಲಿಯಲ್ಲ, ಕಿತ್ತು ಎಸೆಯಿರಿ!

ಈ ವಿದ್ಯೆಯಿಂದ ಸಂಸಾರಕ್ಕೂ ಲಾಭವಾಗಿದೆ. ಒಂದು ಬೆಳಿಗ್ಗೆ ನನ್ನ ಹೆಂಡತಿ, “ಇವತ್ತು ಏನು ವಿಶೇಷ ಹೇಳಿ ನೋಡೋಣ” ಅಂದಳು. “ನಮ್ಮ ಕಾರಿನ ಡೈನಮೋ ಹುಟ್ಟಿದ ದಿನ” ಅಂದೆ. “ಓಹೋ, ಹಾಗಿದ್ರೆ ಅದರ ಕೈಲೇ ಅಡುಗೆ ಮಾಡಿಸ್ಕೊಳ್ಳಿ” ಅಂದಳು. ಬಿಡಿಭಾಗದ ಮೇಲೊಂದು ಅಂಕಿ, ಮನೆಯೊಳಗೆ ನಾಲ್ಕು ದಿನ ಬೆಂಕಿ.

ಇರಲಿ. ಈ ಕಾರು ನಮ್ಮ ಅಪ್ಪನದು. ಅವರು ಟೈಲರ್. ಅಂಗಡಿಯ ಮುಂದೆ ಕಾರು ನಿಂತರೆ ಹೊಲಿಗೆಯ ದರ ತಾನಾಗಿ ಏರುತ್ತದೆ ಎಂಬ ಸಿದ್ಧಾಂತದ ಮೇಲೆ ಕೊಂಡವರು. ಏರಲಿಲ್ಲ. ಏಕೆಂದರೆ ಆ ಕಾರನ್ನು ನೋಡಿದವರಿಗೆ ಮೊದಲು ಬರುತ್ತಿದ್ದದ್ದು ನಗು. ಅಕ್ಕ ಡ್ರೈವಿಂಗ್ ಕಲಿಯುವಾಗ ನೀರಿನ ಟ್ಯಾಂಕರಿಗೆ ಉಜ್ಜಿ ಎಡಬಾಗಿಲನ್ನು ಸುಕ್ಕು ಮಾಡಿದಳು. ಅಪ್ಪ ಬೈಯಲಿಲ್ಲ, ಗುಜರಿಯಿಂದ ಇನ್ನಾವುದೋ ಕಾರಿನ ನೀಲಿ ಬಾಗಿಲು ತಂದು ಹಾಕಿಸಿದರು. ಬಿಳಿ ಕಾರಿಗೆ ನೀಲಿ ಬಾಗಿಲು! ನಾನು ಸ್ಕೂಲಿನ ಮುಂದೆ ಇಳಿಯುವುದಿಲ್ಲ ಎಂದು ಅತ್ತೆ. “ಒಂದು ತೋಳು ಹರಿದ್ರೆ ಇಡೀ ಅಂಗಿ ಎಸೀತಾರೇನೋ?” ಅಂದರು ಅಪ್ಪ. ಸೀಟುಗಳಿಗೆ ಗಿರಾಕಿಗಳ ಪ್ಯಾಂಟಿನಲ್ಲಿ ಉಳಿದ ತುಂಡು ಬಟ್ಟೆಗಳ ಕವಚ ಹೊಲಿದರು. ನಾನು ಕೂರುತ್ತಿದ್ದದ್ದು ಯಾವುದೋ ವಕೀಲರ ಮೇಲೆ, ಅಕ್ಕ ಮದುಮಗನೊಬ್ಬನ ಮೇಲೆ.

ಇಂಥ ಕಾರನ್ನು ನಾನು ಉದ್ಧಾರ ಮಾಡಿದೆ. ಒಂದೊಂದೇ ಗುರುತು ಓದಿ, ತಡವಾಗಿ ಹುಟ್ಟಿದ್ದನ್ನೆಲ್ಲ ಹೊರಗಟ್ಟಿದೆ. ಕಾರಿಗಿಂತ ಸರಿಯಾಗಿ ಎರಡು ತಿಂಗಳು ಮೊದಲು ಹುಟ್ಟಿದ ಬಿಳಿಬಾಗಿಲಿಗಾಗಿ ಊರೂರು ಅಲೆದೆ. ಅದು ಸಿಕ್ಕ ದಿನ ಎಷ್ಟು ಕುಣಿದೆನೆಂದರೆ, ಮಗಳು ಹುಟ್ಟಿದ ದಿನ ಅಷ್ಟು ಕುಣಿದಿರಲಿಲ್ಲ ಎಂದು ಹೆಂಡತಿ ಇಂದಿಗೂ ಸಾಕ್ಷಿ ಹೇಳುತ್ತಾಳೆ. ನೀಲಿ ಬಾಗಿಲು ಗುಜರಿಗೆ ಮರಳಿ ತಗಡಾಯಿತು. ವಕೀಲರೂ ಮದುಮಗನೂ ಕೈ ಒರೆಸುವ ಬಟ್ಟೆಯಾದರು.

ಆರು ವರ್ಷವೂ ಅಪ್ಪ ಭಾನುವಾರ ಭಾನುವಾರ ಬಂದು ಕೇಳುತ್ತಿದ್ದದ್ದು ಒಂದೇ: “ಯಾವಾಗ ಹೊರಡುತ್ತೋ? ಅಂಗಡಿ ಬೀದೀಲಿ ಒಂದು ಸುತ್ತು ಹೋಗಿಬರೋಣ.” ಆಗ ನಾನು, “ಇನ್ನೊಂದು ಹಾರನ್ ಸಿಗಲಿ ಅಪ್ಪ, ತಾರೀಖು ಹೊಂದ್ತಿಲ್ಲ” ಎನ್ನುತ್ತಿದ್ದೆ.

ನಿನ್ನೆ ಅವರನ್ನು ಕರೆದು ಹೊದಿಕೆ ಎಳೆದೆ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದರು. ಸೀಟನ್ನು ಎರಡು ಬೆರಳಲ್ಲಿ ಬಟ್ಟೆ ನೋಡುವಂತೆ ನೋಡಿದರು.

“ಚೆನ್ನಾಗಿದೆ. ಯಾರದು?”

“ನಮ್ಮದೇ ಅಪ್ಪ.”

“ನಮ್ಮದಕ್ಕೆ ನೀಲಿ ಬಾಗಿಲಿತ್ತಲ್ಲೋ?”

“ಅದು ಆಮೇಲೆ ಹಾಕಿದ್ದು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಮಾಡಿದ್ದೀನಿ.”

“ಆ ದಿನ ನಾನೆಲ್ಲಿದ್ದೆ?”

ತೀರ್ಪುಗಾರ ಮಹನೀಯರೇ, ಈ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿರಲಿಲ್ಲ. ಅಪ್ಪ ಆ ಕಾರಿನ ಮೂರನೆಯ ಮಾಲೀಕರು. ಅವರು ಕೊಳ್ಳುವ ಹೊತ್ತಿಗೆ ಅದು ಅರ್ಧ ಆಯಸ್ಸು ಮುಗಿಸಿತ್ತು. ಅಸಲಿ, ಅಸಲಿ ಎಂದು ಹಿಂದೆ ಹಿಂದೆ ಸರಿಯುತ್ತಾ ನಾನು ಕಾರನ್ನು ಒಯ್ದು ನಿಲ್ಲಿಸಿದ್ದು ಮೊದಲನೆಯ ಮಾಲೀಕನ ಮನೆಬಾಗಿಲಿಗೆ. ಆತ ಯಾರು? ದಪ್ಪಗಿದ್ದನೋ, ಸಣ್ಣಗಿದ್ದನೋ? ನನಗೆ ಗೊತ್ತಿಲ್ಲ. ಆತನ ಕಾರನ್ನು ಆರು ವರ್ಷ ಬಿಟ್ಟಿ ರಿಪೇರಿ ಮಾಡಿದ್ದೇನೆ.

ಬಾಗಿಲು ತೆಗೆದು, “ಕೂತ್ಕೋ ಅಪ್ಪ” ಅಂದೆ. “ಬೇರೆಯವರ ಕಾರಲ್ಲಿ ನಾನ್ಯಾಕೆ ಕೂತ್ಕೊಳ್ಲಿ? ನಿನ್ನ ಸಭೆಗೆ ಬಸ್ಸಲ್ಲೇ ಬರ್ತೀನಿ ಬಿಡು” ಅಂದರು. ಸಮಾಧಾನಕ್ಕೆಂದು ಅಕ್ಕನಿಗೆ ಫೋನು ಮಾಡಿದರೆ ಅವಳು, “ನಾನು ಡ್ರೈವಿಂಗ್ ಕಲಿತದ್ದಕ್ಕೆ ಆ ನೀಲಿ ಬಾಗಿಲೊಂದೇ ಗುರುತಿತ್ತು ಕಣೋ. ಅದನ್ನೂ ಗುಜರಿಗೆ ಹಾಕ್ದಾ?” ಅಂದಳು.

ಆದ್ದರಿಂದ ಸಭಿಕರೇ, ಈ ಶುಭ ಸಂದರ್ಭದಲ್ಲಿ ಯುವ ಪೀಳಿಗೆಗೆ ನನ್ನ ಸಂದೇಶವೇನೆಂದರೆ…

ಸಂದೇಶ ಗಿಂದೇಶ ಏನೂ ಇಲ್ಲ. ಸಭಿಕರೂ ಇಲ್ಲ. ಸಮಾರಂಭ ಇರುವುದು ನಾಳೆ. ನಾನು ನಿಂತಿರುವುದು ಶೆಡ್ಡಿನಲ್ಲಿ, ಕೈಯಲ್ಲಿರುವುದು ಮೈಕಲ್ಲ, ಸ್ಪ್ಯಾನರ್. ತಗಡಿನ ಗೋಡೆಯಾಚೆ ಅಪ್ಪ ಪೇಪರು ಹಿಡಿದು ಕೂತಿದ್ದಾರೆ. ನಾನು ಶುರುಮಾಡಿದಾಗಿನಿಂದ ಒಂದು ಪುಟವನ್ನೂ ತಿರುವಿದ ಸದ್ದಿಲ್ಲ.

ಅಪ್ಪಾ, ಇಷ್ಟೂ ನಿನಗೇ ಹೇಳಿದ್ದು. ಎದುರಿಗೆ ನಿಂತು ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೆ ಇಷ್ಟು ಜನಾನ ಸೇರಿಸ್ಕೊಂಡೆ. ನೀಲಿ ಬಾಗಿಲು ಇನ್ನು ಸಿಗಲ್ಲ. ನೀನು ಹೊಲಿದ ಕವಚಾನೂ ಇಲ್ಲ. ಇರೋದು ಇದೊಂದೇ ಕಾರು, ಇದು ಇನ್ನೂ ಯಾರದೂ ಅಲ್ಲ. ಕೀ ಅದರಲ್ಲೇ ಇದೆ. ನೀನೇ ಹೊರಗೆ ತೆಗಿ. ನಮ್ಮ ಗೇಟು ಇಕ್ಕಟ್ಟು, ಎಲ್ಲೋ ಒಂದು ಕಡೆ ಉಜ್ಜೇ ಉಜ್ಜುತ್ತೆ. ಉಜ್ಜಲಿ. ಫಲಕ ಕೊಡದಿದ್ರೆ ಬೇಡ, ನಾಳೆ ಇಬ್ರೂ ಗೀರು ಬಿದ್ದ ಕಾರಲ್ಲೇ ಹೋಗೋಣ.

ಕೂತು ಕೇಳಿಸ್ಕೊಂಡೆಯಲ್ಲ, ಅಷ್ಟು ಸಾಕು. ನಮಸ್ಕಾರ ಅಪ್ಪ. ಪೇಪರ್ ಮಡಚಿಟ್ಟು ಒಳಗೆ ಬಾ.